ಹಸಿರಾದ ಧರೆ ಗಟ್ಟಿಯಾಗಿದೆಯೇ?

ಪ್ರಶ್ನೆ: ಕಡಿದಾದ ಧರೆಯೊಂದಕ್ಕೆ (ಗುಡ್ಡದ ಬದಿಯ ಮಣ್ಣಿನ ಇಳಿಜಾರಿಗೆ) ಕಳೆದ ಮಳೆಗಾಲದ ಆರಂಭದಲ್ಲಿ ತೆಂಗಿನ ನಾರಿನ ಬಲೆ ಹಾಸಿ, ಅಡ್ಡಸಾಲುಗಳಲ್ಲಿ ಲಾವಂಚ ನೆಡಲಾಗಿತ್ತು. ಈಗ ಧರೆಯೆಲ್ಲ ಹಸಿರಾಗಿದೆ. ಕೆಲಸ ಯಶಸ್ವಿಯಾಯಿತು ಎನ್ನಬಹುದೇ? ಸ್ಥಳದಲ್ಲಿ ಏನನ್ನು ಪರಿಶೀಲಿಸಬೇಕು?

ಉತ್ತರ: ಹಸಿರು ಕಂಡ ಮಾತ್ರಕ್ಕೆ ಹಾಗೆನ್ನಲಾಗದು. ಮೇಲ್ಮಣ್ಣು ಕೊಚ್ಚಿಹೋಗುವುದು ಬೇರೆ, ಧರೆಯೇ ಜರಿಯುವುದು ಬೇರೆ. ಮೊದಲನೆಯದನ್ನು ಎಲೆ, ಕಾಂಡ ಮತ್ತು ಬಲೆ ತಡೆಯುತ್ತವೆ; ಎರಡನೆಯದಕ್ಕೆ ಬೇರು ಬೇಕು, ಅದೂ ಜಾರುವ ಪದರವನ್ನು ದಾಟಿ ಕೆಳಗಿಳಿದ ಬೇರು.

ಸವಕಳಿಯನ್ನು ಅಳೆಯಲು ದುಬಾರಿ ಉಪಕರಣಗಳೇನೂ ಬೇಡ. ಧರೆಯ ನೆತ್ತಿ, ನಡು ಮತ್ತು ಬುಡದಲ್ಲಿ ಕಬ್ಬಿಣದ ಸರಳುಗಳನ್ನು ಬಡಿದು, ಹೊರಗುಳಿದ ಉದ್ದವನ್ನು ಬರೆದಿಟ್ಟುಕೊಂಡು, ಪ್ರತಿ ದೊಡ್ಡ ಮಳೆಯ ಬಳಿಕ ಮತ್ತೆ ಅಳೆಯಿರಿ. ಒಂದು ಮಿಲಿಮೀಟರ್ ಎಂದು ಉಪೇಕ್ಷಿಸಬೇಡಿ, ಹೆಕ್ಟೇರಿನ ಲೆಕ್ಕದಲ್ಲಿ ಅದು 10 ಘನ ಮೀಟರ್ ಮಣ್ಣು. ಸರಳುಗಳಿಲ್ಲದ ಕಡೆ ಸಣ್ಣ ಕಲ್ಲುಗಳ ಬುಡವನ್ನು ನೋಡಬಹುದು: ಪುಟ್ಟ ಮಣ್ಣಿನ ಕಂಬದ ಮೇಲೆ ಕಲ್ಲು ಕೊಡೆಯಂತೆ ನಿಂತಿದ್ದರೆ, ಸುತ್ತಲಿನಿಂದ ಸುಮಾರು ಅಷ್ಟೇ ಎತ್ತರದ ಮಣ್ಣು ಹೋಗಿದೆ ಎಂದರ್ಥ. ಬಲೆ ನೆಲ ಬಿಟ್ಟು ಮೇಲೆದ್ದಿರುವಲ್ಲಿ ಅದನ್ನು ಸರಿಸಿ ನೋಡಿ. ಕೊರಕಲು ಹುಟ್ಟುವುದು ಹೆಚ್ಚಾಗಿ ಅಲ್ಲಿಯೇ.

ಶೇ. 90ರಷ್ಟು ಸಸಿಗಳು ಬದುಕಿವೆ ಎಂಬಂಥ ವರದಿಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಸತ್ತ ಸಸಿಗಳು ಒಂದೇ ಕಡೆ ಇದ್ದರೆ ಸಾಲಿನಲ್ಲಿ ಕಿಂಡಿಯಾಗಿ, ಇಡೀ ಸಾಲಿನ ನೀರು ಅಲ್ಲಿಗೇ ನುಗ್ಗುತ್ತದೆ. 10ರಿಂದ 15 ಸೆಂ.ಮೀ. ಅಂತರದಲ್ಲಿ ನೆಟ್ಟ ಲಾವಂಚದ ಬುಡಗಳು ಇಷ್ಟರಲ್ಲಿ ಒಂದಕ್ಕೊಂದು ಕೂಡಿಕೊಂಡಿರಬೇಕು, ಸಾಲಿನ ಮೇಲ್ಬದಿಯಲ್ಲಿ ಹೂಳು ನಿಂತಿರಬೇಕು.

ಬೇರನ್ನು ಅಗೆದೇ ನೋಡಬೇಕು. ಸಾಲಿನ ಅಂಚಿನಲ್ಲಿ ಚಿಕ್ಕ ಗುಂಡಿ ತೋಡಿ, ನೋಡಿದ ಮೇಲೆ ಮಣ್ಣನ್ನು ಗಟ್ಟಿಯಾಗಿ ತುಂಬಿಬಿಡಿ. ಸಡಿಲ ಮಣ್ಣಿನಲ್ಲಿ ಲಾವಂಚದ ಬೇರು 2ರಿಂದ 3 ಮೀಟರ್ ಇಳಿಯಬಲ್ಲದು. ಆದರೆ ಅರ್ಧ ಮೀಟರಿನಲ್ಲೇ ಬಂಡೆ ತಾಗಿ ಪಕ್ಕಕ್ಕೆ ತಿರುಗಿದ್ದರೆ, ಮೇಲಿನ ಮಣ್ಣು ಬಂಡೆಗೆ ಹೊಲಿದುಕೊಂಡಿಲ್ಲ, ಅದರ ಮೇಲೆ ಸುಮ್ಮನೆ ಕುಳಿತಿದೆ.

ಕೊನೆಗೆ ನೆತ್ತಿಗೆ ಹೋಗಿ. ಅಂಚಿಗೆ ಸಮಾನಾಂತರವಾದ ಬಿರುಕು, ಬುಡದಲ್ಲಿ ಉಬ್ಬು, ಹೊಸದಾಗಿ ಕಾಣಿಸಿಕೊಂಡ ಕದಡಿದ ಒಸರುನೀರು, ಇವು ಬೇರಿಗೆ ನಿಲುಕದ ಆಳದ ಚಲನೆಯ ಸೂಚನೆಗಳು. ಆಗ ಇನ್ನಷ್ಟು ಸಸಿ ನೆಡುವುದು ವ್ಯರ್ಥ. ಕೆಳಗಿನವರನ್ನು ದೂರ ಸರಿಸಿ, ನೆತ್ತಿಯ ನೀರನ್ನು ಬೇರೆಡೆಗೆ ತಿರುಗಿಸಿ, ಮಣ್ಣು, ಬಂಡೆಗಳ ಭದ್ರತೆಯನ್ನು ಪರೀಕ್ಷಿಸುವ ಭೂತಾಂತ್ರಿಕ ಎಂಜಿನಿಯರನ್ನು ಕರೆಸಬೇಕು.

ಪ್ರಶ್ನೆ: ಧರೆಯ ಅಂಚಿನಲ್ಲಿ ದೊಡ್ಡ ಮರಗಳನ್ನು ಬೆಳೆಸಿದರೆ ಇನ್ನೂ ಭದ್ರವಲ್ಲವೇ?

ಉತ್ತರ: ಕಡಿದಾದ ಅಂಚಿನಲ್ಲಿ ಬೇಡ. ಮರದ ಭಾರಕ್ಕಿಂತಲೂ ಗಾಳಿಗೆ ಅದು ತೂಗಿ ಮಣ್ಣನ್ನು ಸಡಿಲಿಸುವುದೇ ಹೆಚ್ಚಿನ ತೊಂದರೆ. ಅಲ್ಲಿ ಹುಲ್ಲು ಮತ್ತು ಪೊದೆಗಳಿರಲಿ. ಮರಗಳನ್ನು ಬುಡದ ಕಡೆ ನೆಡಬಹುದು.