ಮಂಡಿನೋವಿನ ಅಮ್ಮನಿಗೆ ಮಣ್ಣಪಳ್ಳದಲ್ಲಿ ಹಕ್ಕಿ ತೋರಿಸುವುದು ಹೇಗೆ?

ಮಂಡಿನೋವಿರುವ ಅಮ್ಮನ ಜೊತೆ ಬೆಳಿಗ್ಗೆ 10ಕ್ಕೆ ಮಣಿಪಾಲದ ಮಣ್ಣಪಳ್ಳ ಕೆರೆಗೆ ಸುತ್ತು ಹಾಕಿದಿರಿ, ಹಕ್ಕಿಯೇ ಕಾಣಲಿಲ್ಲ ಅಂದಿರಲ್ಲ, ಅದು ಬಹುಶಃ ಜಾಗದ ತಪ್ಪಲ್ಲ, ಹೊತ್ತಿನದು. ನಮ್ಮ ಕರಾವಳಿ ಸೆಕೆಗೆ 9ರ ಮೇಲೆ ಹಕ್ಕಿಗಳೂ ನೆರಳು ಹಿಡಿಯುತ್ತವೆ.

6.30ಕ್ಕೆ ಅಲ್ಲಿರಿ. ಪೂರ್ವದ ದಂಡೆಯಲ್ಲಿ, ಬಿಸಿಲು ಬೆನ್ನಿಗೆ ಬೀಳುವ ಹಾಗೆ ನಿಲ್ಲಿ. ಎದುರು ಬಿಸಿಲಿಗೆ ಎಲ್ಲವೂ ಕಪ್ಪಗೆ ಕಾಣುತ್ತದೆ. ಪೂರ್ತಿ ಸುತ್ತುವ ಹಟ ಬೇಡ. ಮಡಚುವ ಸ್ಟೂಲ್ ಒಯ್ದು ಅಮ್ಮನನ್ನು ಒಂದೇ ಕಡೆ 20 ನಿಮಿಷ ಸುಮ್ನೆ ಕೂರಿಸಿ.

ಮೊದಲು ನೀರಿನ ಅಂಚು ನೋಡಿ. ಮಣ್ಣಿನ ಹೆಂಟೆಯ ಹಾಗೆ ಕೂತಿರುವುದು ಕೊಳಬಕ. ಹಾರಿದರೆ ಮಾತ್ರ ಅಚ್ಚ ಬಿಳಿ ರೆಕ್ಕೆ ಬಿಚ್ಚಿಕೊಳ್ಳುತ್ತದೆ. ಹೊಸಬರಿಗೆ ಇದೇ ಜಾಸ್ತಿ ಖುಷಿ ಕೊಡುವುದು. ರೆಕ್ಕೆ ಹರವಿ ಒಣಗಿಸುತ್ತಾ ಕೂತದ್ದು ನೀರುಕಾಗೆ. ಮಿಂಚುಳ್ಳಿಗೆ ನೀರಿನ ಮೇಲೆ ಬಾಗಿದ ಕೊಂಬೆ ಹುಡುಕಿ. ಸಿಕ್ಕೇ ಸಿಗುತ್ತದೆ ಅಂತ ಮಾತ್ರ ಹೇಳಲಾರೆ, ಹಕ್ಕಿ ಅಲ್ವಾ.

ಬೈನಾಕ್ಯುಲರ್ 8 ಪಟ್ಟು ದೊಡ್ಡದಾಗಿ ತೋರಿಸುವಂಥದ್ದು ಸಾಕು. ಅದಕ್ಕಿಂತ ಜಾಸ್ತಿ ದೊಡ್ಡದಾಗಿ ತೋರಿಸುವುದಾದರೆ ಕೈ ನಡುಕಕ್ಕೆ ಹಕ್ಕಿಯೂ ಕುಣಿಯುತ್ತದೆ. ಮಳೆಗಾಲದಲ್ಲಿ ಪಾಚಿಗೆ ಕಾಲು ಜಾರೀತು. ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಿ, ವಲಸೆ ಹಕ್ಕಿಗಳು ಬರುವುದೂ ಆಗಲೇ.