ಕ್ಯಾನ್ಸರ್ ಅಲ್ಲ ಅಂದ ಮೇಲೆ ದವಡೆ ಯಾಕೆ ಕತ್ತರಿಸಬೇಕು?

(ಓದುಗರ ಪ್ರಶ್ನೆಗಳಿಗೆ ಬಾಯಿ ಮತ್ತು ದವಡೆ ಸರ್ಜನ್ ಉತ್ತರ)

ಪ್ರಶ್ನೆ: ಮೇಡಂ, ನನ್ನ ತಂಗಿಗೆ 26 ವರ್ಷ. ಬಲಗಡೆ ಕೆಳದವಡೆ ಎರಡು ವರ್ಷದಿಂದ ನಿಧಾನವಾಗಿ ಊದುತ್ತಾ ಬಂತು. ನೋವಿರಲಿಲ್ಲ, ಸುಮ್ಮನಿದ್ದೆವು. ಈಗ ಬಯಾಪ್ಸಿಯಲ್ಲಿ ಅಮೆಲೋಬ್ಲಾಸ್ಟೋಮ ಎಂದು ಬಂದಿದೆ. ಕ್ಯಾನ್ಸರ್ ಅಲ್ಲವಂತೆ. ಆದರೂ ದವಡೆಯ ಒಂದು ಭಾಗ ಕತ್ತರಿಸಿ ಕಾಲಿನ ಮೂಳೆ ಕೂರಿಸಬೇಕಂತೆ. ಇನ್ನೊಬ್ಬ ಡಾಕ್ಟರು ಕೆರೆದು ತೆಗೆದರೆ ಸಾಕು ಎನ್ನುತ್ತಾರೆ. ಮನೆಯಲ್ಲಿ ಅವಳ ಮದುವೆ ಮಾತು ನಡೆಯುತ್ತಿದೆ. ಯಾರ ಮಾತು ಕೇಳೋಣ?
– ಒಬ್ಬ ಅಣ್ಣ, ತೀರ್ಥಹಳ್ಳಿ

ಉತ್ತರ: ರಿಪೋರ್ಟನ್ನು ಇನ್ನೊಮ್ಮೆ ಕೈಗೆ ತಗೊಳ್ಳಿ. ಅಮೆಲೋಬ್ಲಾಸ್ಟೋಮ ಎಂಬ ಹೆಸರಿನ ಹಿಂದೆ ಮುಂದೆ ಏನಿದೆ ನೋಡಿ. ‘ಯೂನಿಸಿಸ್ಟಿಕ್’ ಎಂದಿದ್ದರೆ ಅದು ಒಂದೇ ಚೀಲದ ಗಂಟು. ಗೆಡ್ಡೆಯ ಕಣಗಳು ಚೀಲದ ಒಳಪದರದಲ್ಲಷ್ಟೇ ಇದ್ದರೆ, ಚೀಲವನ್ನು ಇಡಿಯಾಗಿ ಬಿಡಿಸಿ ತೆಗೆದು ಕಾದು ನೋಡಬಹುದು. ಚೀಲದ ಗೋಡೆಯೊಳಕ್ಕೇ ನುಗ್ಗಿದ್ದರೆ ಅಷ್ಟು ಸಾಲದು. ಬಯಾಪ್ಸಿಯ ಸಣ್ಣ ಚೂರಿನಲ್ಲಿ ಇದು ಪೂರ್ತಿ ತಿಳಿಯದೇ ಇರಬಹುದು. ಸಿಟಿ ಸ್ಕ್ಯಾನ್ ಪಕ್ಕದಲ್ಲಿಟ್ಟುಕೊಂಡೇ ತೀರ್ಮಾನಿಸಬೇಕು. ಇಬ್ಬರು ಡಾಕ್ಟರ ಮಾತು ಬೇರೆಯಾಗಿದ್ದಕ್ಕೆ ಕಾರಣ ಇಲ್ಲೇ ಇರಬಹುದು. ಇಬ್ಬರಿಗೂ ಇದೇ ಪ್ರಶ್ನೆ ಕೇಳಿ.

ಆದರೆ ಸಿಟಿಯಲ್ಲಿ ಸೋಪಿನ ನೊರೆ ಹಾಗೆ ಹತ್ತಾರು ಗುಳ್ಳೆ ಕಂಡು, ರಿಪೋರ್ಟೂ ಮಾಮೂಲಿ ಅಮೆಲೋಬ್ಲಾಸ್ಟೋಮ ಎಂದರೆ, ನನ್ನ ಮತ ದವಡೆ ಕತ್ತರಿಸುವ ಡಾಕ್ಟರ ಕಡೆಗೇ. ಹಲ್ಲಿನ ಎನಾಮಲ್ ಮಾಡುವ ಕಣಗಳ ವಂಶದ ಗೆಡ್ಡೆ ಇದು. ಬೆಳೆಯುವುದು ತುಂಬಾ ನಿಧಾನ. ಬೇರೆ ಅಂಗಕ್ಕೆ ಹರಡುವುದು ಅಪರೂಪದಲ್ಲಿ ಅಪರೂಪ. ಅದಕ್ಕೇ ಕ್ಯಾನ್ಸರ್ ಅಲ್ಲ ಎನ್ನುವುದು. ತೊಂದರೆ ಇರುವುದು ದವಡೆ ಮೂಳೆಯೊಳಗೇ. ಎಕ್ಸ್‌ರೇಯಲ್ಲಿ ಗಂಟು ಮುಗಿದಂತೆ ಕಾಣುವ ಗೆರೆಯಿಂದಾಚೆಗೂ ಮೂಳೆಯ ಸಂದಿಗಳಲ್ಲಿ ಅದರ ಕಣಗಳು ಸೇರಿಕೊಂಡಿರುತ್ತವೆ. ಕೆರೆದರೆ ಕಣ್ಣಿಗೆ ಕಂಡದ್ದು ಹೋಗುತ್ತದೆ, ಕಾಣದ್ದು ಉಳಿಯುತ್ತದೆ. ಹಾಗಾಗಿಯೇ ಗಂಟಿನ ಸುತ್ತ 1ರಿಂದ 2 ಸೆಂ.ಮೀ. ಒಳ್ಳೆಯ ಮೂಳೆಯನ್ನೂ ಸೇರಿಸಿ ತೆಗೆಯುತ್ತೇವೆ. ಬರೀ ಕೆರೆಸಿಕೊಂಡ ಎಷ್ಟೋ ಜನ ಕೆಲವು ವರ್ಷ ಬಿಟ್ಟು ಇನ್ನೂ ದೊಡ್ಡ ಗಂಟಿನೊಂದಿಗೆ ಬರುತ್ತಾರೆ. ಆಗ ಕತ್ತರಿಸಬೇಕಾದ ಮೂಳೆಯೂ ಜಾಸ್ತಿ. ಅವರನ್ನು ಎದುರಿಗೆ ಕೂರಿಸಿಕೊಂಡು ಇದನ್ನು ಹೇಳುವುದು ನನಗೆ ಬಹಳ ಕಷ್ಟ.

ದವಡೆಯ ಕೆಳಅಂಚಿನಲ್ಲಿ ಸುಮಾರು 1 ಸೆಂ.ಮೀ. ಗಟ್ಟಿ ಮೂಳೆ ಉಳಿಸಲು ಸಾಧ್ಯವೇ ಎಂದೂ ಕೇಳಿ. ಸಾಧ್ಯವಿದ್ದರೆ ದವಡೆ ತುಂಡಾಗುವುದಿಲ್ಲ, ಆಪರೇಷನ್ನೂ ಚಿಕ್ಕದಾಗುತ್ತದೆ.

ಇನ್ನು ಕಾಲಿನ ಮೂಳೆ. ಮೊಣಕಾಲಿನ ಕೆಳಗೆ ಎರಡು ಮೂಳೆಗಳಿವೆ. ಮೈಭಾರ ಹೊರುವುದು ಬಹುಪಾಲು ದಪ್ಪ ಮೂಳೆ. ನಾವು ತೆಗೆಯುವುದು ಪಕ್ಕದ ತೆಳು ಮೂಳೆಯನ್ನು, ಅಂದರೆ ಫಿಬುಲಾವನ್ನು. ಮೇಲೂ ಕೆಳಗೂ ಕೀಲಿನ ಹತ್ತಿರ ಸುಮಾರು 6 ಸೆಂ.ಮೀ. ಬಿಟ್ಟು ನಡುವಿನ ಭಾಗವನ್ನು ರಕ್ತನಾಳದ ಸಮೇತ ತೆಗೆಯುತ್ತೇವೆ. ಅದನ್ನು ದವಡೆಯ ಆಕಾರಕ್ಕೆ ತುಂಡರಿಸಿ, ಪ್ಲೇಟಿಗೆ ಸ್ಕ್ರೂ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ ಅದರ ರಕ್ತನಾಳವನ್ನು ಕುತ್ತಿಗೆಯ ರಕ್ತನಾಳಕ್ಕೆ ಹೊಲಿಯುತ್ತೇವೆ. ಇಡೀ ದಿನದ ಕೆಲಸ. ತಂಗಿ ಮತ್ತೆ ನಡೆಯುತ್ತಾಳೆ. ಮುಂದೆ ಆ ಮೂಳೆಗೇ ಇಂಪ್ಲಾಂಟ್ ಹಾಕಿ ಹಲ್ಲು ಕೂರಿಸಬಹುದು. ಗಾಯದ ಗೆರೆ ಸಾಮಾನ್ಯವಾಗಿ ದವಡೆಯ ಕೆಳಗೆ, ಕುತ್ತಿಗೆಯ ಮಡಿಕೆಯಲ್ಲಿ ಬರುತ್ತದೆ. ದವಡೆಯೊಳಗಿನ ನರವನ್ನೂ ತೆಗೆಯಬೇಕಾಗಿ ಬಂದರೆ ಆ ಕಡೆಯ ಕೆಳತುಟಿ ಮರಗಟ್ಟಿದಂತೆ ಉಳಿಯುತ್ತದೆ. ಇದನ್ನು ಅವಳಿಗೆ ಮೊದಲೇ ಹೇಳಬೇಕು. ಮದುವೆ ತಾರೀಖು ಮುಂದಕ್ಕೆ ಹೋದರೂ ಪರವಾಗಿಲ್ಲ, ಹುಡುಗನ ಮನೆಯವರಿಗೂ ಇರುವುದನ್ನು ಇದ್ದ ಹಾಗೆ ಹೇಳಿ. ಇದು ಅಂಟುರೋಗವಲ್ಲ, ಮಕ್ಕಳಾಗುವುದಕ್ಕೆ ಅಡ್ಡಿಯೂ ಅಲ್ಲ. ಆಪರೇಷನ್ ಆದ ಮೇಲೆ ಕಡಿಮೆಯೆಂದರೂ ಹತ್ತು ವರ್ಷ ತಪ್ಪದೆ ಎಕ್ಸ್‌ರೇ ಮಾಡಿಸುತ್ತಿರಬೇಕು.

ಪ್ರಶ್ನೆ: ನನ್ನ ಮಗನಿಗೆ 11 ವರ್ಷ. ಹಾಲುಹಲ್ಲು ಬಿದ್ದ ಜಾಗದಲ್ಲಿ ಹೊಸ ಹಲ್ಲು ಬರಲಿಲ್ಲ, ವಸಡು ಉಬ್ಬಿದೆ. ಎಕ್ಸ್‌ರೇಯಲ್ಲಿ ಒಳಗಿನ ಹಲ್ಲಿನ ತಲೆಯ ಸುತ್ತ ಕಪ್ಪು ಗುಳ್ಳೆ ಇದೆ. ಡೆಂಟಿಜೆರಸ್ ಸಿಸ್ಟ್ ಇರಬಹುದು, ಹಲ್ಲನ್ನೂ ತೆಗೆಯಬೇಕಾಗಬಹುದು ಎಂದರು. ಹಲ್ಲು ಉಳಿಯುವುದಿಲ್ಲವಾ?
– ಒಬ್ಬ ತಾಯಿ, ಗದಗ

ಉತ್ತರ: ಈ ವಯಸ್ಸಿನಲ್ಲಿ ಉಳಿಯುವ ಸಾಧ್ಯತೆ ಚೆನ್ನಾಗಿದೆಯಮ್ಮ. ಹುಟ್ಟದ ಹಲ್ಲಿನ ತಲೆಗೂ ಅದನ್ನು ಸುತ್ತಿದ ಚೀಲಕ್ಕೂ ನಡುವೆ ನೀರು ತುಂಬಿದಾಗ ಈ ಸಿಸ್ಟ್ ಆಗುತ್ತದೆ. ಆ ನೀರಿನ ಒತ್ತಡಕ್ಕೆ ಸುತ್ತಲಿನ ಮೂಳೆ ಕರಗುತ್ತಾ ಹೋಗುತ್ತದೆ. ಕೆಲವು ಮಕ್ಕಳಲ್ಲಿ ಮೂಳೆ ಎಷ್ಟು ತೆಳುವಾಗಿರುತ್ತದೆ ಎಂದರೆ, ವಸಡಿನ ಮೇಲೆ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿದರೆ ಒಳಗೆ ಚಟಚಟ ಎನ್ನುವುದು ಬೆರಳಿಗೇ ಗೊತ್ತಾಗುತ್ತದೆ.

ನಾನಾದರೆ ಮೊದಲು ಸೂಜಿ ಚುಚ್ಚಿ ನೋಡುತ್ತೇನೆ. ಸಿರಿಂಜಿಗೆ ತಿಳಿಹಳದಿ ನೀರು ಬಂದರೆ ಇದೇ ಸಿಸ್ಟ್ ಇರಬಹುದು. ಬಿಳಿ, ಗಟ್ಟಿ, ಕೆನೆಯಂಥದ್ದು ಬಂದರೆ ಕೆರಟೋಸಿಸ್ಟ್ ಎಂಬ ಇನ್ನೊಂದರ ಅನುಮಾನ. ಅದು ಮರಳಿ ಬರುವ ಜಾತಿ. ಬರೀ ರಕ್ತವೇ ಚಿಮ್ಮಿ ತುಂಬಿದರೆ ಅಲ್ಲಿಗೇ ನಿಲ್ಲಿಸಿ, ರಕ್ತನಾಳದ ಗಂಟೇ ಎಂದು ಸ್ಕ್ಯಾನಿನಲ್ಲಿ ನೋಡಬೇಕು.

ಆಮೇಲೆ ಚೀಲಕ್ಕೆ ಒಂದು ಕಿಟಕಿ ತೆರೆದು, ಅದರ ಅಂಚನ್ನು ವಸಡಿಗೆ ಹೊಲಿಯುತ್ತೇವೆ. ಇದಕ್ಕೆ ಮಾರ್ಸುಪಿಯಲೈಸೇಷನ್ ಎನ್ನುತ್ತಾರೆ. ನೀರು ನಿಲ್ಲುವುದಿಲ್ಲ, ಒತ್ತಡ ಇಳಿಯುತ್ತದೆ, ಮೂಳೆ ಮತ್ತೆ ತುಂಬುತ್ತಾ ಬರುತ್ತದೆ. ಬೇರು ಇನ್ನೂ ಪೂರ್ತಿ ಬೆಳೆದಿಲ್ಲದಿದ್ದರೆ ಎಷ್ಟೋ ಸಲ ಹಲ್ಲು ತಾನಾಗಿಯೇ ಮೇಲೆ ಬರುತ್ತದೆ. ಬಾರದಿದ್ದರೆ ಕ್ಲಿಪ್ ಹಾಕುವ ಡಾಕ್ಟರು ಎಳೆದು ತರುತ್ತಾರೆ. ಇದಕ್ಕೆ ತಿಂಗಳುಗಟ್ಟಲೆ ಬೇಕು. ಅಷ್ಟು ದಿನವೂ ನೀವು ಸೂಜಿಯಿಲ್ಲದ ಸಿರಿಂಜಿನಲ್ಲಿ ಸಲೈನ್ ತುಂಬಿ ಆ ಗುಳಿಯನ್ನು ತೊಳೆಯಬೇಕು. ಅನ್ನದ ಅಗುಳು ಒಳಗೆ ಉಳಿದರೆ ಕೀವಾಗುತ್ತದೆ. ನಿಮ್ಮಿಂದ ಇದು ಸಾಧ್ಯವಾ ಎಂದು ಯೋಚಿಸಿ ಒಪ್ಪಿಕೊಳ್ಳಿ.

ಕಿಟಕಿ ತೆರೆಯುವಾಗ ಸಿಗುವ ಚೂರನ್ನು ಲ್ಯಾಬಿಗೆ ಕಳಿಸಲೇಬೇಕು. ‘ಬರೀ ಸಿಸ್ಟ್, ಟೆಸ್ಟ್ ಬೇಡ’ ಎಂದರೆ ಒಪ್ಪಬೇಡಿ. ಕೆರಟೋಸಿಸ್ಟೂ, ಮೇಲಿನ ಪತ್ರದ ಅಮೆಲೋಬ್ಲಾಸ್ಟೋಮವೂ ಎಕ್ಸ್‌ರೇಯಲ್ಲಿ ಇದೇ ವೇಷದಲ್ಲಿ ಕಾಣಬಹುದು. ಬಿಲ್ಲಿನಲ್ಲಿ ಸ್ವಲ್ಪ ದುಡ್ಡು ಹೆಚ್ಚಾದರೂ ಆ ರಿಪೋರ್ಟ್ ಮಗನ ಫೈಲಿನಲ್ಲಿ ಇರಲಿ.

ಪ್ರಶ್ನೆ: ಕೆಳತುಟಿಯ ಒಳಗೆ ನೀಲಿ ಛಾಯೆಯ ನೀರುಗುಳ್ಳೆ ಇದೆ. ಚುಚ್ಚಿದರೆ ಹೋಗುತ್ತದೆ, ಮತ್ತೆ ಬರುತ್ತದೆ.
– ಪಿಯು ವಿದ್ಯಾರ್ಥಿನಿ, ಹಾಸನ

ಉತ್ತರ: ಇದು ಮ್ಯೂಕೋಸೀಲ್ ಇರಬಹುದು. ತುಟಿ ಕಚ್ಚಿಕೊಂಡಾಗ ಪುಟ್ಟ ಜೊಲ್ಲುಗ್ರಂಥಿಯ ನಾಳ ಒಡೆದು, ಜೊಲ್ಲು ಚರ್ಮದಡಿ ಸೇರಿಕೊಂಡಿರುತ್ತದೆ. ಗ್ರಂಥಿ ಅಲ್ಲೇ ಇರುವವರೆಗೆ ಗುಳ್ಳೆ ಬರುತ್ತಲೇ ಇರುತ್ತದೆ. ಮರಗಟ್ಟುವ ಇಂಜೆಕ್ಷನ್ ಕೊಟ್ಟು ಗ್ರಂಥಿ ಸಮೇತ ತೆಗೆಯುತ್ತಾರೆ. ಅದೇ ದಿನ ಮನೆಗೆ ಹೋಗಬಹುದು. ಸೂಜಿ ಚುಚ್ಚುವುದನ್ನು ಇವತ್ತೇ ನಿಲ್ಲಿಸಮ್ಮ.

ಪ್ರಶ್ನೆ: ನಮ್ಮ ತಂದೆಗೆ 61 ವರ್ಷ. ಎಲೆ ಅಡಿಕೆ ಜೊತೆ ಕಡ್ಡಿಪುಡಿ ಹಾಕುತ್ತಾರೆ. ಅಲ್ಲಾಡುತ್ತಿದ್ದ ಹಲ್ಲು ಕೀಳಿಸಿ ಎರಡು ತಿಂಗಳಾಯಿತು. ಗಾಯ ಮಾಯ್ದಿಲ್ಲ, ಮಾಂಸ ಬೆಳೆಯುತ್ತಿದೆ. ಬಯಾಪ್ಸಿ ಮಾಡಿದರೆ ಹರಡುತ್ತದೆ ಎಂದು ನೆಂಟರು ಹೆದರಿಸುತ್ತಿದ್ದಾರೆ.
– ಮಗ, ಚಳ್ಳಕೆರೆ

ಉತ್ತರ: ಮುಂದಿನ ಸಂಚಿಕೆಗೆ ಕಾಯಬೇಡಿ, ಈ ವಾರವೇ ಹೊರಡಿ. ಎರಡು ಮೂರು ವಾರದಲ್ಲಿ ವಾಸಿಯಾಗದ ಬಾಯಿಯ ಗಾಯಕ್ಕೆ ಬಯಾಪ್ಸಿ ಆಗಲೇಬೇಕು. ಚೂರು ತೆಗೆದದ್ದರಿಂದ ಬಾಯಿಯ ಕ್ಯಾನ್ಸರ್ ಹರಡುವುದಿಲ್ಲ. ಹರಡುವುದು ತಡ ಮಾಡಿದರೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೂ ಹೋಗಬಹುದು, ಬೆಂಗಳೂರಿನದೇ ಕೋಟೆ ಹತ್ತಿರದ ಸರ್ಕಾರಿ ದಂತ ಕಾಲೇಜಿಗೂ ಹೋಗಬಹುದು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಖಾಸಗಿ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ರೆಫರಲ್ ಬೇಕೇ ಎಂದು ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲೇ ಕೇಳಿಕೊಳ್ಳಿ. ಹಲ್ಲು ಕೀಳುವ ಮೊದಲು ತೆಗೆಸಿದ ಎಕ್ಸ್‌ರೇ ಇದ್ದರೆ ಅದನ್ನೂ ತಗೊಂಡು ಹೋಗಿ. ಕಡ್ಡಿಪುಡಿಯಷ್ಟೇ ಅಲ್ಲ, ಅಡಿಕೆಯನ್ನೂ ಇವತ್ತಿನಿಂದಲೇ ಬಿಡಿಸಿ.