ಪ್ರಾಸ್ಟೇಟ್ ರೇಡಿಯೇಷನ್: ಸ್ಕ್ಯಾನ್‌ಗೆ ಮೊದಲೇ ನೀರಿನ ಅಭ್ಯಾಸ ಮಾಡಿಕೊಳ್ಳಿ

ಅಣ್ಣಾ, ಪ್ರಾಸ್ಟೇಟ್ (ಮೂತ್ರಕೋಶದ ಕೆಳಗಿರುವ ಗ್ರಂಥಿ) ಕ್ಯಾನ್ಸರ್‌ಗೆ ಮುಂದಿನ ವಾರ ಪ್ಲಾನಿಂಗ್ ಸ್ಕ್ಯಾನ್ (ಕಿರಣ ಎಲ್ಲಿ ಬೀಳಬೇಕು ಅಂತ ಗುರುತಿಸುವ ಸ್ಕ್ಯಾನ್), ಆಮೇಲೆ 20 ದಿನ ರೇಡಿಯೇಷನ್, ತಯಾರಿ ಹೇಗೆ, ತೋಟದ ಕೆಲಸ ನಿಲ್ಲಿಸಬೇಕಾ ಅಂತ ಕೇಳಿದ್ದೀರಿ. ನಾನೂ ಇದೇ 20 ಮುಗಿಸಿ ಎರಡು ವರ್ಷವಾಯಿತು. ನಿಮ್ಮ ಡಾಕ್ಟರ್ ಬೇರೆ ಹೇಳಿದರೆ ಅವರ ಮಾತೇ ನಡೆಯಲಿ.

ಎಲ್ಲಕ್ಕಿಂತ ಮುಖ್ಯ ನೀರು. ಮೂತ್ರಕೋಶ ತುಂಬಿದ್ದರೆ ಅದರ ಬಹುಪಾಲು ಕಿರಣದ ದಾರಿಯಿಂದ ಮೇಲೆ ಸರಿಯುತ್ತದೆ, ಕರುಳೂ ದೂರವಾಗುತ್ತದೆ. ಹಿಂಬದಿಯ ಗುದನಾಳ ಮಾತ್ರ ಖಾಲಿ ಇರಬೇಕು. ಅಲ್ಲಿ ಮಲವೋ ಗ್ಯಾಸೋ ತುಂಬಿಕೊಂಡರೆ ಪ್ರಾಸ್ಟೇಟ್ ಜಾಗ ಬದಲಿಸುತ್ತದೆ. ಸ್ಕ್ಯಾನ್ ದಿನ ಒಳಗೆ ಹೇಗಿತ್ತೋ, 20 ದಿನವೂ ಹಾಗೇ ಇರಬೇಕು. ಅದಕ್ಕೇ ಆವತ್ತು ತಡೆಯಲಾಗದಷ್ಟು ನೀರು ಕುಡಿದು ಹೋಗಬೇಡಿ. ಮೂರನೇ ವಾರ ಮೂತ್ರಕೋಶ ಉರಿಯುತ್ತಿರುವಾಗಲೂ ಅಷ್ಟನ್ನೇ ಹಿಡಿದುಕೊಳ್ಳಬೇಕಲ್ವಾ?

ಎಷ್ಟು ನೀರು, ಎಷ್ಟು ಹೊತ್ತು ಮೊದಲು ಅಂತ ಆಸ್ಪತ್ರೆಯಲ್ಲಿ ಈಗಲೇ ಕೇಳಿ. ಮನೆಯಲ್ಲಿ ದಿನಾ ಒಮ್ಮೆ ಮೂತ್ರಕ್ಕೆ ಹೋಗಿ ಬಂದು, ಅಷ್ಟು ನೀರು ಕುಡಿದು, ಅಷ್ಟು ಹೊತ್ತು ಕಾದು, ನೆಲದ ಮೇಲೆ ಹದಿನೈದು ನಿಮಿಷ ಅಂಗಾತ ಮಲಗಿ ನೋಡಿ. ಬೆಳಗ್ಗೆ ಹೊಟ್ಟೆ ಖಾಲಿಯಾಗದೆ ಇದ್ದರೆ ಅದನ್ನೂ ಈಗಲೇ ಹೇಳಿ, ಔಷಧಿ ಕೊಡುತ್ತಾರೆ.

ನನ್ನನ್ನು ನಾಲ್ಕನೇ ದಿನ ಮಲಗಿಸಿ, ಚಿತ್ರ ತೆಗೆದು, ಕೆಳಗಿಳಿಸಿಬಿಟ್ಟರು. ಗ್ಯಾಸ್. ಕಾರಿಡಾರಿನಲ್ಲಿ ಓಡಾಡಿ, ಟಾಯ್ಲೆಟ್‌ಗೆ ಹೋಗಿ ಬಂದು, ಮತ್ತೆ ನೀರು ಕುಡಿದು ಕಾದೆ. ಮನಸ್ಸಿಗೆ ತುಂಬಾ ಬೇಜಾರಾಗಿತ್ತು. ನಿಮಗೂ ಹಾಗಾದರೆ ಬೇಜಾರು ಮಾಡಿಕೊಳ್ಳಬೇಡಿ, ಅವರು ಸರಿಯಾಗಿ ನೋಡಿ ಕೊಡುತ್ತಿದ್ದಾರೆ ಅಂತ ಅರ್ಥ.

ಗುರುತಿಗೆ ಪ್ರಾಸ್ಟೇಟ್ ಒಳಗೆ ಚಿನ್ನದ ಸಣ್ಣ ಕಾಳು ಇಡುವುದಿದ್ದರೆ, ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿರುವುದನ್ನು ತಪ್ಪದೆ ಹೇಳಿ. ಚರ್ಮದ ಮೇಲೆ ಚುಕ್ಕಿಯಂಥ ಹಚ್ಚೆ ಹಾಕಬಹುದು. ಮಷೀನಿನ ಕೆಳಗೆ ನೋವೇನೂ ಇಲ್ಲ. ಹೊರಗಿನಿಂದ ಕೊಡುವ ರೇಡಿಯೇಷನ್ ಮೈಯಲ್ಲಿ ಉಳಿಯುವುದಿಲ್ಲ, ಮೊಮ್ಮಕ್ಕಳನ್ನು ಧೈರ್ಯವಾಗಿ ಎತ್ತಿಕೊಳ್ಳಿ.

ನನಗೆ ಮೊದಲ ವಾರ ಏನೂ ಅನ್ನಿಸಲಿಲ್ಲ. ಎರಡನೇ ವಾರದ ಕೊನೆಯಿಂದ ಉರಿಮೂತ್ರ, ಸಣ್ಣ ಧಾರೆ, ರಾತ್ರಿ ನಾಲ್ಕೈದು ಸಲ ಏಳುವುದು. ಹೆದರಿ ನೀರು ಕಡಿಮೆ ಮಾಡಿದೆ, ಉರಿ ಜಾಸ್ತಿಯೇ ಆಯಿತು. ಹಗಲಲ್ಲಿ ಚೆನ್ನಾಗಿ ಕುಡಿಯಿರಿ, ಮಲಗುವ ಎರಡು ಗಂಟೆ ಮೊದಲು ನಿಲ್ಲಿಸಿ. ಕಾಫಿ, ಟೀ, ಮದ್ಯ ಆ ದಿನಗಳಲ್ಲಿ ದೂರ ಇರಲಿ. ಧಾರೆ ಸಲೀಸಾಗಲು ಟ್ಯಾಮ್ಸುಲೋಸಿನ್ ಅನ್ನುವ ಮಾತ್ರೆ ಕೊಟ್ಟರು, ಅದರಿಂದ ರಾತ್ರಿ ಏಳುವುದು ಕಡಿಮೆಯಾಗಿ ನಿದ್ದೆ ಬಂತು. ಆ ಮಾತ್ರೆಗೆ ಎದ್ದಾಗ ತಲೆ ತಿರುಗಬಹುದು, ನಿಧಾನವಾಗಿ ಏಳಿ. ಮೂತ್ರ ಪೂರ್ತಿ ಕಟ್ಟಿಕೊಂಡರೆ ಅಥವಾ ಚಳಿಜ್ವರ ಬಂದರೆ ಬೆಳಗಾಗುವವರೆಗೆ ಕಾಯಬೇಡಿ, ತಕ್ಷಣ ಹೊರಡಿ.

ಭೇದಿ, ಅವಸರದ ಮಲ ಕೆಲವರಿಗೆ ಬರುತ್ತದೆ. ನನಗೆ ಸ್ವಲ್ಪವೇ ಇತ್ತು.

ತೋಟ ಬಿಡಬೇಡಿ. ಸುಸ್ತಿಗೆ ಮಲಗಿರುವುದಕ್ಕಿಂತ ದಿನಾ ನಡೆಯುವುದೇ ಒಳ್ಳೆಯದು. ನಾನು ಬೆನ್ನಿಗೆ ಹೊರುವ ಸ್ಪ್ರೇಯರ್ ಮತ್ತು ಗಂಟೆಗಟ್ಟಲೆ ಟ್ರ್ಯಾಕ್ಟರ್ ಸೀಟು ಎರಡನ್ನು ಮಾತ್ರ ಮಗನಿಗೆ ಬಿಟ್ಟೆ. ಮುಗಿದು ಒಂದೂವರೆ ತಿಂಗಳಿಗೆ ಬಹುತೇಕ ಮೊದಲಿನಂತಾದೆ.

ಇನ್ನೊಂದು ವಿಷಯ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ನಿಮಿರುವ ಶಕ್ತಿ ತಿಂಗಳು, ವರ್ಷ ಕಳೆದಂತೆ ಕಡಿಮೆಯಾಗಬಹುದು, ವೀರ್ಯವೂ ಕಡಿಮೆಯಾಗುತ್ತದೆ. ಮಾತ್ರೆಗಳಿವೆ, ಅತ್ತಿಗೆಯವರನ್ನೂ ಕೂರಿಸಿಕೊಂಡು ಡಾಕ್ಟರ ಹತ್ತಿರ ಈಗಲೇ ಮಾತಾಡಿ.

ಪಿಎಸ್‌ಎ (ಪ್ರಾಸ್ಟೇಟ್ ಸ್ಥಿತಿ ತಿಳಿಯಲು ರಕ್ತದಲ್ಲಿ ನೋಡುವ ಅಂಶ) ಒಂದೇ ಸಲ ಇಳಿಯುವುದಿಲ್ಲ. ವರ್ಷಕ್ಕೂ ಮೇಲೆ ಹಿಡಿಯಬಹುದು, ನಡುವೆ ಒಮ್ಮೆ ಸ್ವಲ್ಪ ಏರಿ ತಾನಾಗಿ ಇಳಿಯುವುದೂ ಉಂಟು. ವರ್ಷಗಳ ನಂತರ ಮಲದಲ್ಲಿ ರಕ್ತ ಕಂಡು ಕೊಲೊನೋಸ್ಕೋಪಿಗೆ (ಕ್ಯಾಮೆರಾ ನಳಿಕೆ ಹಾಕಿ ದೊಡ್ಡ ಕರುಳು ನೋಡುವ ಪರೀಕ್ಷೆ) ಹೋದರೆ, ರೇಡಿಯೇಷನ್ ಆಗಿದೆ ಅಂತ ಮೊದಲೇ ಹೇಳಿ. ಗುದನಾಳದಲ್ಲಿ ಕಿರಣ ಬಿದ್ದ ಜಾಗದಿಂದ ಪರೀಕ್ಷೆಗೆ ಅಂತ ಚೂರು ತೆಗೆದರೆ ಗಾಯ ಸುಲಭಕ್ಕೆ ಮಾಯುವುದಿಲ್ಲ.